ಡಿಬಿಟಿ ಆಗಿಬರಲಿಲ್ಲ ಅನ್ನೋ ಮುಂಚೆ, ಕೊಟ್ಟಿದ್ದು ಡಿಬಿಟಿನಾ ಅಂತ ನೋಡಿ

ನಿನ್ನೆ ಗೆಳತಿಯೊಬ್ಬಳು ಫೋನ್ ಮಾಡಿ "ಡಿಬಿಟಿನೂ ಮಾಡಿದ್ದಾಯ್ತು ಕಣೇ, ಅದೂ ಆಗಿಬರಲಿಲ್ಲ, ನಾನಿನ್ನು ಸರಿ ಹೋಗಲ್ಲ ಬಿಡು" ಅಂದಾಗಿಂದ ಒಳಗೆ ಕುದೀತಿದೆ ನಂಗೆ. ಡಿಬಿಟಿ ಅಂದ್ರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕಿ ಬರೋ ಭಾವನೆಗಳನ್ನ ನಿಭಾಯಿಸೋದು ಕಲಿಸೋ ಮಾನಸಿಕ ಚಿಕಿತ್ಸೆ. ಏನೇನು ಮಾಡಿಸಿದ್ರು ಅಂತ ಕೇಳಿದೆ. ವಾರಕ್ಕೊಂದು ಸಲ ಮಾತು, ಉಸಿರಾಟ ಗಮನಿಸೋ ಅಭ್ಯಾಸ, ಆಮೇಲೆ ವಾಟ್ಸಾಪಲ್ಲಿ ಒಂದು ಪಿಡಿಎಫ್. ಸ್ಕಿಲ್ಸ್ ಗ್ರೂಪ್ ಇತ್ತಾ? ಇಲ್ವಂತೆ. ದಿನದ ಭಾವನೆ, ಹಾನಿ ಮಾಡ್ಕೊಳ್ಳೋ ತುಡಿತ, ಬಳಸಿದ ಸ್ಕಿಲ್ ಬರೆದಿಡೋ ಡೈರಿ ಕಾರ್ಡ್ ತುಂಬಿಸ್ತಿದ್ರಾ? ಅದೇನದು ಅಂತ ನನ್ನನ್ನೇ ಕೇಳಿದ್ಲು.

ಅಂದ್ರೆ ಅವಳು ಡಿಬಿಟಿ ಮಾಡೇ ಇಲ್ಲ. ಮಾಡದೇ ಇರೋದ್ರಲ್ಲಿ ಫೇಲ್ ಆದೆ ಅಂತ ನಂಬಿಕೊಂಡು ಕೂತಿದಾಳೆ, ನನ್ನ ಸಿಟ್ಟೆಲ್ಲ ಇದರ ಮೇಲೇ.

ಈ ಥೆರಪಿ ಕಟ್ಟಿದ್ದು ಮಾರ್ಷಾ ಲಿನೆಹನ್, ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು, ಪದೇ ಪದೇ ಸಾಯೋ ಪ್ರಯತ್ನ ಮಾಡ್ತಿದ್ದ, ಬೇರೆ ಯಾವ ಥೆರಪಿನೂ ಹಿಡಿಯದ ಹೆಂಗಸರಿಗೋಸ್ಕರ. ಮೊದಲ ಟ್ರಯಲ್ ಪ್ರಕಟ ಆಗಿದ್ದು 1991ರಲ್ಲಿ. ಹದಿಹರೆಯದಲ್ಲಿ ತಾನೇ ಆಸ್ಪತ್ರೆಯಲ್ಲಿ ಆ ನರಕ ನೋಡಿ ಬಂದೋಳು ಅಂತ ಅವರು ಎಲ್ಲರೆದುರು ಹೇಳಿಕೊಂಡಿದ್ದು 2011ರಲ್ಲಿ. ಅದನ್ನ ಓದಿದ ರಾತ್ರಿ ನಾನು ಅತ್ತಿದೀನಿ, ಅದಕ್ಕೇ ಇದರ ಹೆಸರನ್ನ ಯಾರಾದ್ರೂ ಹಗುರವಾಗಿ ಬಳಸಿದ್ರೆ ಸಹಿಸೋಕಾಗಲ್ಲ.

ಪೂರ್ತಿ ಡಿಬಿಟಿಯಲ್ಲಿ ವಾರಕ್ಕೊಂದು ವೈಯಕ್ತಿಕ ಸೆಷನ್ ಇರುತ್ತೆ, ಬೇರೆಯಾಗಿ ಕ್ಲಾಸಿನ ಥರ ಎರಡು ಗಂಟೆ ಹತ್ತಿರದ ಸ್ಕಿಲ್ಸ್ ಗ್ರೂಪ್ ಇರುತ್ತೆ, ಕಷ್ಟದ ಗಳಿಗೆಯಲ್ಲಿ ಥೆರಪಿಸ್ಟ್‌ಗೆ ಫೋನ್ ಮಾಡಿ 'ಈಗ ಯಾವ ಸ್ಕಿಲ್ ಬಳಸ್ಲಿ' ಅಂತ ಕೇಳೋ ವ್ಯವಸ್ಥೆ ಇರುತ್ತೆ, ಥೆರಪಿಸ್ಟ್‌ಗಳೇ ಸೇರಿ ಒಬ್ಬರಿಗೊಬ್ಬರು ಬೆನ್ನಿಗೆ ನಿಲ್ಲೋ ಟೀಮೂ ಇರುತ್ತೆ. ಸಾಮಾನ್ಯವಾಗಿ ಒಂದು ವರ್ಷದ ಕೆಲಸ. ಮೈಂಡ್‌ಫುಲ್‌ನೆಸ್ ಅಂದ್ರೆ ಈ ಕ್ಷಣವನ್ನ ಗಮನಿಸೋದು, ಸಂಕಟ ತಡ್ಕೊಳ್ಳೋದು, ಭಾವನೆಗಳನ್ನ ಹತೋಟಿಗೆ ತರೋದು, ಜನರ ಹತ್ರ ಬೇಕಾದ್ದನ್ನ ಕೇಳಿ ಬೇಡದ್ದಕ್ಕೆ ಬೇಡ ಅನ್ನೋದು, ಈ ನಾಲ್ಕೂ ಭಾಗ ಕಲಿಸ್ತಾರೆ. ಸತತವಾಗಿ ನಾಲ್ಕು ವಾರ ತಪ್ಪಿಸಿದ್ರೆ ಪ್ರೋಗ್ರಾಮಿಂದ ಹೊರಗೆ, ನಿಯಮ ಅಷ್ಟು ಬಿಗಿ.

ಸೆಷನಲ್ಲಿ ನಡೆಯೋ ಚೈನ್ ಅನಾಲಿಸಿಸ್ ಹೇಗಿರುತ್ತೆ ಗೊತ್ತಾ? ಸಂಜೆ ನಿಮ್ಮ ಮೆಸೇಜ್ ನೋಡಿ ನಿಮ್ಮ ಹುಡುಗ ರಿಪ್ಲೈ ಮಾಡಲಿಲ್ಲ, ಮಧ್ಯಾಹ್ನ ನೀವು ಊಟ ಬಿಟ್ಟಿದ್ರಿ, ಹಿಂದಿನ ರಾತ್ರಿ ನಿದ್ದೆ ಇಲ್ಲ, 'ಬಿಟ್ಟುಹೋಗ್ತಾನೆ' ಅನ್ನೋ ಯೋಚನೆ ಬಂತು, ಎದೆ ಬಿಗಿಯಿತು, ಇಪ್ಪತ್ತು ಸಲ ಫೋನ್ ಮಾಡಿದ್ರಿ, ಅವನು ಕಿರುಚಿದ, ಆಮೇಲೆ ನಿಮಗೆ ನೀವೇ ಗಾಯ ಮಾಡ್ಕೊಂಡ್ರಿ. ಇದನ್ನ ಒಂದೊಂದು ಕೊಂಡಿಯಾಗಿ ಬಿಡಿಸಿ, ಯಾವ ಕೊಂಡಿಯಲ್ಲಿ ಬೇರೆ ಏನು ಮಾಡಬಹುದಿತ್ತು ಅಂತ ಇಬ್ಬರೂ ಹುಡುಕ್ತೀರಿ. ನಾಚಿಕೆಯಾಗುತ್ತೆ, ಬೇಜಾರಾಗುತ್ತೆ, ಆದ್ರೂ ಮುಂದಿನ ವಾರ ಮತ್ತೆ ಅದನ್ನೇ ಮಾಡ್ತೀರಿ. ಪಿಡಿಎಫ್ ಇದನ್ನ ಹೇಗ್ರೀ ಮಾಡುತ್ತೆ?

ಇದು ಯಾರಿಗೆ ಅನ್ನೋದಕ್ಕೆ ರೀಲ್ಸ್ ಕ್ವಿಝ್ ಬೇಡ. ಭಾವನೆ ಬೇಗ ಏರುತ್ತಾ, ಜೋರಾಗಿ ಏರುತ್ತಾ, ಇಳಿಯೋಕೆ ಗಂಟೆಗಟ್ಟಲೆ ಬೇಕಾ, ಆ ಹೊತ್ತಲ್ಲಿ ನಿಮಗೇ ಹಾನಿಯಾಗೋ ಕೆಲಸ ಮಾಡ್ತೀರಾ? ಹೌದು ಅಂದ್ರೆ ಮಾನಸಿಕ ತಜ್ಞರ ಹತ್ತಿರ ಡಿಬಿಟಿ ಬಗ್ಗೆ ಬಾಯಿಬಿಟ್ಟು ಕೇಳಿ. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆ, ಸಂಬಂಧ ಪದೇ ಪದೇ ಏರುಪೇರಾಗೋ ತೊಂದರೆ) ಅನ್ನೋ ಡಯಾಗ್ನೋಸಿಸ್ ಇರಲೇಬೇಕು ಅಂತಿಲ್ಲ. ವಿಪರೀತ ತಿನ್ನೋ ತೊಂದರೆಗೆ, ಕುಡಿತ ಡ್ರಗ್ಸ್ ಚಟಕ್ಕೆ, ಹದಿಹರೆಯದ ಮಕ್ಕಳಿಗೆ ಅಂತ ಇದನ್ನ ಹೊಂದಿಸಿದ್ದಾರೆ. ಆದ್ರೆ ನಿಮ್ಮ ಮುಖ್ಯ ತೊಂದರೆ ಒಸಿಡಿ, ಅಂದ್ರೆ ಬೇಡದ ಯೋಚನೆ ಕಾಡಿ ಮಾಡಿದ್ದನ್ನೇ ಮಾಡಿಸೋ ಗೀಳು, ಆಗಿದ್ರೆ ಅದಕ್ಕೆ ಇಆರ್‌ಪಿ (ಭಯವನ್ನ ಎದುರಿಸಿ ಆ ಗೀಳಿನ ಕೆಲಸ ಮಾಡದೇ ಇರೋದನ್ನ ಕಲಿಸೋದು) ಅಂತ ಬೇರೆ ಥೆರಪಿನೇ ಇದೆ, ಡಿಬಿಟಿಗೆ ಹೋಗಿ ವರ್ಷ ಕಳೀಬೇಡಿ. ಎಲ್ಲಾ ಭಾವನೆ ಒಳಗೇ ಅದುಮಿಟ್ಟು ಕಲ್ಲಾಗಿರೋ ಜನಕ್ಕೂ ಈ ಡಿಬಿಟಿ ಅಷ್ಟು ಹೊಂದಲ್ಲ, ಅವರಿಗೆ ರಾಡಿಕಲಿ ಓಪನ್ ಡಿಬಿಟಿ ಅಂತ ಬೇರೇನೇ ಇದೆ.

"ಪೂರ್ತಿ ಪ್ರೋಗ್ರಾಮ್ ಎಲ್ಲಿ ಸಿಗುತ್ತೆ, ಅಷ್ಟು ದುಡ್ಡು ಯಾರ ಹತ್ರ ಇದೆ, ಏನೂ ಇಲ್ಲದ್ದಕ್ಕಿಂತ ಸ್ವಲ್ಪ ಇದ್ರೆ ವಾಸಿ ಅಲ್ವಾ" ಅಂತ ಕೇಳ್ತೀರಿ. ಸ್ವಲ್ಪಾನೂ ಕೆಲಸ ಮಾಡುತ್ತೆ, ನಾನು ಇಲ್ಲ ಅನ್ನಲ್ಲ. 2015ರಲ್ಲಿ ಲಿನೆಹನ್ ತಂಡವೇ ಭಾಗಗಳನ್ನ ಬಿಡಿಸಿ ಹೋಲಿಸಿತ್ತು, ಸ್ಕಿಲ್ಸ್ ಟ್ರೈನಿಂಗ್ ಇದ್ದ ಗುಂಪುಗಳಲ್ಲಿ ಗಾಯ ಮಾಡ್ಕೊಳ್ಳೋದೂ ಖಿನ್ನತೆಯೂ ಉಳಿದವರಿಗಿಂತ ಜಾಸ್ತಿ ತಗ್ಗಿದ್ವು. ಹಾಗಿದ್ರೆ ಸ್ಕಿಲ್ಸ್ ಗ್ರೂಪ್ ಒಂದನ್ನೇ ನಡೆಸಿ, 'ಇದು ಡಿಬಿಟಿಯ ಒಂದು ಭಾಗ ಮಾತ್ರ' ಅಂತ ಹೇಳಿ ನಡೆಸಿ, ಯಾರು ಬೇಡ ಅಂದ್ರು? ಹೇಳದೇ ಪೂರ್ತಿ ಹೆಸರು ಹಾಕ್ಕೊಂಡು ಎರಡು ಹಾಳೆ ಕೈಗಿಟ್ರೆ, ಅದು ನಾಟದೇ ಇದ್ದಾಗ ತಪ್ಪೆಲ್ಲ ಬೀಳೋದು ಆ ಹುಡುಗಿ ತಲೆ ಮೇಲೆ. ಅವಳು ಮೊದಲೇ ಎಲ್ಲದಕ್ಕೂ ತನ್ನನ್ನೇ ಬೈಕೊಳ್ಳೋಳು!

ಅದಕ್ಕೇ ಸೇರೋ ಮುಂಚೆ ನೇರವಾಗಿ ಕೇಳಿ. ನಿಮಗೆ ಡಿಬಿಟಿ ತರಬೇತಿ ಎಲ್ಲಾಯ್ತು, ಗ್ರೂಪ್ ಇದೆಯಾ, ಡೈರಿ ಕಾರ್ಡ್ ನೋಡ್ತೀರಾ, ಸೆಷನ್ ಮಧ್ಯೆ ಫೋನ್ ಮಾಡಬಹುದಾ, ನಿಮಗೆ ಟೀಮ್ ಇದೆಯಾ. ಕೇಳಿದ್ದಕ್ಕೆ ಸಿಡುಕಿದ್ರೆ ಎದ್ದು ಬನ್ನಿ. ನಿಮ್ಮನ್ನೂ ಕೇಳ್ಕೊಳ್ಳಿ, ದಿನಾ ಕಾರ್ಡ್ ತುಂಬೋಕೆ, ಹೋಮ್‌ವರ್ಕ್ ಮಾಡೋಕೆ ಈಗ ಆಗುತ್ತಾ ಅಂತ. ನಿಜವಾದ ಡಿಬಿಟಿಯಲ್ಲಿ ಮೊದಲ ಕೆಲವು ಸೆಷನ್ ಇರೋದೇ ಇದಕ್ಕೆ, ಗುರಿ ಏನು, ಇಬ್ಬರೂ ಏನೇನು ಒಪ್ಕೋಬೇಕು ಅಂತ ಮಾತಾಡಿ ಒಪ್ಪಂದಕ್ಕೆ ಬರೋಕೆ, ಹೂಂ ಅನ್ನೋ ತನಕ ಮುಖ್ಯ ಥೆರಪಿ ಶುರುನೇ ಆಗಲ್ಲ. ಸಾಯಬೇಕು ಅನ್ನೋ ಯೋಚನೆ ಈಗಲೇ ಬರ್ತಿದ್ರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ಹತ್ತಿರದ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ, ಡಿಬಿಟಿ ವಿಚಾರ ಆಮೇಲೆ ನೋಡೋಣ.