ಸೆಕೆಂಡ್ ಅಂದ್ರೆ ಕೀಳು ಅಂತ ಯಾರ್ರೀ ಹೇಳಿದ್ದು?

ಇಂಗ್ಲಿಷಿನ ಫಸ್ಟ್, ಸೆಕೆಂಡ್, ಥರ್ಡ್ ಸಾಲಲ್ಲಿ ಜಾಸ್ತಿ ದುಡಿಯೋದೂ ಸೆಕೆಂಡೇ, ಜಾಸ್ತಿ ಬೈಸ್ಕೊಳ್ಳೋದೂ ಸೆಕೆಂಡೇ. ಸೆಕೆಂಡ್ ರೇಟ್ ಅಂದ್ರೆ ಕಳಪೆ, ಸೆಕೆಂಡ್ ಬೆಸ್ಟ್ ಅಂದ್ರೆ ಬೇಕಾಗಿದ್ದು ಸಿಗದೆ ಅಡ್ಜಸ್ಟ್ ಮಾಡ್ಕೊಂಡಿದ್ದು, ಫ್ಯಾಕ್ಟರಿಲಿ ಸಣ್ಣಪುಟ್ಟ ಡಿಫೆಕ್ಟ್ ಇದ್ದು ಪಕ್ಕಕ್ಕೆ ಹಾಕಿದ ಮಾಲಿಗೂ ಸೆಕೆಂಡ್ಸ್ ಅಂತಾನೇ ಹೆಸರು. ಆದ್ರೆ ಪದದ ಬುಡ ಕೆದಕಿದ್ರೆ ಅಲ್ಲಿ ಈ ತಾತ್ಸಾರ ಇಲ್ವೇ ಇಲ್ಲ. ಲ್ಯಾಟಿನ್‌ನ ಸೆಕುಂಡುಸ್ ಅಂದ್ರೆ ಹಿಂಬಾಲಿಸಿ ಬರೋದು ಅಷ್ಟೇ, ಹಡಗಿನ ಹಿಂದಿನಿಂದ ಬೀಸಿ ಅದನ್ನ ಮುಂದಕ್ಕೆ ತಳ್ಳೋ ಗಾಳಿಗೂ ರೋಮನ್ನರು ಇದೇ ಪದ ಹಾಕ್ತಿದ್ರು, ಹಾಗಾಗಿ ಅನುಕೂಲಕರ ಅನ್ನೋ ಅರ್ಥಾನೂ ಇತ್ತು.

ಇದು ಇಂಗ್ಲಿಷಿನ ಸ್ವಂತ ಪದಾನೂ ಅಲ್ಲ. ಫೋರ್ ಇಂದ ಫೋರ್ತ್, ಸಿಕ್ಸ್ ಇಂದ ಸಿಕ್ಸ್ತ್ ಆದಂಗೆ ಟೂ ಇಂದ ಟೂತ್ ಆಗ್ಲಿಲ್ಲ (ಆಗಿದ್ರೆ ಪಾಪ ಹಲ್ಲಿನ ಗತಿ ಏನು!). ಹಳೇ ಇಂಗ್ಲಿಷಲ್ಲಿ ಎರಡನೇದಕ್ಕೆ ಅದರ್ ಅಂತಿದ್ರು, ಆಮೇಲೆ ಫ್ರೆಂಚ್ ಕಡೆಯಿಂದ ಸೆಕೆಂಡ್ ಬಂದು ಜಾಗ ಹಿಡ್ಕೊಂಡ್ತು. ಎವ್ರಿ ಅದರ್ ಡೇ ಅಂದ್ರೆ ದಿನಾ ಅಲ್ದೆ ದಿನ ಬಿಟ್ಟು ದಿನ ಯಾಕಾಗುತ್ತೆ ಅಂತ ತಲೆ ಕೆಡಿಸ್ಕೊಂಡೋರಿಗೆ ಉತ್ತರ ಇಲ್ಲಿದೆ, ಆ ಹಳೇ ಅದರ್ ಇನ್ನೂ ಅಲ್ಲೇ ಕೂತಿದೆ.

ನಂಗೆ ಎಲ್ಲಕ್ಕಿಂತ ಇಷ್ಟ ಗಡಿಯಾರದ ಕತೆ. ಗಂಟೆನ 60 ಭಾಗ ಮಾಡಿದ್ರೆ ಬರೋದು ಲ್ಯಾಟಿನ್‌ನಲ್ಲಿ 'ಮೊದಲನೇ ಸಣ್ಣ ಭಾಗ', ಪಾರ್ಸ್ ಮಿನುಟಾ ಪ್ರೈಮಾ. ಅದನ್ನ ಮತ್ತೆ 60 ಮಾಡಿದ್ರೆ 'ಎರಡನೇ ಸಣ್ಣ ಭಾಗ', ಪಾರ್ಸ್ ಮಿನುಟಾ ಸೆಕುಂಡಾ. ಹೆಸರು ಮೊಟಕಾಗೋವಾಗ ಮೊದಲನೇದಕ್ಕೆ 'ಸಣ್ಣ' ಅನ್ನೋದು ಉಳ್ಕೊಂಡು ಮಿನಿಟ್ ಆಯ್ತು, ಎರಡನೇದಕ್ಕೆ 'ಎರಡನೇ' ಅನ್ನೋದು ಉಳ್ಕೊಂಡು ಸೆಕೆಂಡ್ ಆಯ್ತು. ಮಧ್ಯಯುಗದ ಪಂಡಿತರು ಅಲ್ಲಿಗೇ ಬಿಡ್ಲಿಲ್ಲ, ಸೆಕೆಂಡನ್ನೂ 60 ಮಾಡಿ ಥರ್ಡ್, ಅದನ್ನೂ ಒಡೆದು ಫೋರ್ತ್ ಅಂತ ಲೆಕ್ಕ ಹಾಕ್ತಿದ್ರು, ಅವೆರಡೂ ಬಳಕೆ ತಪ್ಪಿಹೋದ್ವು. ಸೆಕೆಂಡಿಗೆ ಮಾತ್ರ ಎಂಥಾ ಯೋಗ ನೋಡಿ, 1967ರಲ್ಲಿ ಸೀಸಿಯಂ ಪರಮಾಣುವಿನ ವಿಕಿರಣದ 9,19,26,31,770 ಆವರ್ತನಗಳು ಅಂತ ಅದನ್ನ ಕಟ್ಟುನಿಟ್ಟಾಗಿ ಗೊತ್ತು ಮಾಡಿದ್ರು, ಈಗ ಮೀಟರ್‌ನ ಅಳತೆ ಕೂಡ ಇದನ್ನೇ ನಂಬ್ಕೊಂಡಿದೆ. ಅಂದಹಾಗೆ ಗಡಿಯಾರದಲ್ಲಿ ಸೆಕೆಂಡ್ ಹ್ಯಾಂಡ್ ಅನ್ನೋದು ಲೆಕ್ಕಕ್ಕೆ ಮೂರನೇ ಮುಳ್ಳು, ಅದೇ ಸೆಕೆಂಡ್ ಹ್ಯಾಂಡ್ ಬೈಕ್ ಅಂದ್ರೆ ಬೇರೆಯವರು ಓಡಿಸಿಬಿಟ್ಟಿದ್ದು, ಸುದ್ದಿ ಸೆಕೆಂಡ್ ಹ್ಯಾಂಡ್ ಆದ್ರೆ ಅವರಿವರ ಬಾಯಿಂದ ಕೇಳಿದ್ದು.

ಇನ್ನು ಬೆಂಬಲಕ್ಕೆ ನಿಲ್ಲೋ ಅರ್ಥದಲ್ಲಿ ಬಂದಾಗ ಸೆಕೆಂಡ್‌ನ ಗತ್ತೇ ಬೇರೆ. ಹಿಂದೆ ಯುರೋಪಿನಲ್ಲಿ ಮಾನಕ್ಕೋಸ್ಕರ ಇಬ್ರು ದ್ವಂದ್ವಯುದ್ಧಕ್ಕೆ ಇಳಿದ್ರೆ ಒಬ್ಬೊಬ್ಬರ ಜೊತೆಗೂ ಒಬ್ಬ ಸೆಕೆಂಡ್ ಇರ್ತಿದ್ದ, ಷರತ್ತು ಮಾತಾಡೋನು, ಆಯುಧ ಪರೀಕ್ಷೆ ಮಾಡೋನು, ಆದ್ರೆ ರಾಜಿ ಮಾಡ್ಸೋಕೆ ನೋಡೋನೂ ಅವನೇ. ಬಾಕ್ಸಿಂಗಲ್ಲಿ ಮೂಲೆಲಿ ನಿಂತು ನೀರು ಕೊಟ್ಟು ಗಾಯಕ್ಕೆ ಉಪಚಾರ ಮಾಡೋರನ್ನ ಇವತ್ತಿಗೂ ಸೆಕೆಂಡ್ಸ್ ಅಂತಾರೆ. ಸಭೆಲಿ ಮೋಷನ್ (ಗೊತ್ತುವಳಿ) ಮಂಡಿಸೋನು ಎಷ್ಟೇ ದೊಡ್ಡ ಕುಳ ಆಗಿರ್ಲಿ, ಅದನ್ನ ಸೆಕೆಂಡ್ ಮಾಡೋಕೆ, ಅಂದ್ರೆ ಅನುಮೋದಿಸೋಕೆ, ಒಬ್ರೂ ಬಾಯಿ ಬಿಡ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ಅದು ಚರ್ಚೆಗೂ ಬರದೆ ಬಿದ್ದುಹೋಗುತ್ತೆ. ಫಸ್ಟ್ ಅನ್ನೋನು ಬರೀ ಬಾಯಿಮಾತು, ಅದಕ್ಕೆ ಜೀವ ಬರೋದು ಎರಡನೇಯವನು ಕೈ ಎತ್ತಿದ್ಮೇಲೆ.

ಬ್ರಿಟನ್ನಿನ ಆಫೀಸುಗಳಲ್ಲಿ ಒಬ್ಬರನ್ನ ತಾತ್ಕಾಲಿಕವಾಗಿ ಬೇರೆ ಇಲಾಖೆಗೆ ಕಳ್ಸೋದಕ್ಕೂ ಸೆಕೆಂಡ್ ಮಾಡೋದು ಅಂತಾರೆ, ನಮ್ಮ ಎರವಲು ಸೇವೆ ಇದ್ದಂಗೆ. ಸ್ಪೆಲ್ಲಿಂಗ್ ಸೇಮ್, ಆದ್ರೆ ಒತ್ತು ಕೊನೇಲಿ ಬೀಳ್ಬೇಕು, ಸಿ-ಕಾಂಡ್ ಅನ್ಬೇಕು. ಇಷ್ಟೊಂದು ಅರ್ಥ ಒಂದೇ ಪದದ ತಲೆಗೆ ಕಟ್ಟಿ, ಉಚ್ಚಾರಣೆ ಬೇರೆ ಮಾಡೋವಾಗ ಸ್ಪೆಲ್ಲಿಂಗೂ ಒಂಚೂರು ಬದಲಾಯಿಸಿದ್ರೆ ಇವರ ಗಂಟೇನು ಹೋಗ್ತಿತ್ತೋ.