ಹೂಗೆ ಎಂದರೆ ಹೋಗೆ

ಭಾವನ ಮನೆಯ ಗೋಡೆ ನಮ್ಮ ಕಡೆಯ ಕೆಂಪು ಚಿರೆಕಲ್ಲಿನದು, ಅವರ ಅಜ್ಜ ಕಟ್ಟಿಸಿದ್ದು. ಚಿರೆಕಲ್ಲು ಹಾಗೇ ಕಂಡರೆ ಬಡವರ ಮನೆ ಅಂದುಕೊಳ್ಳುತ್ತಾರೆ ಎಂದು ಭಾವನ ಅಪ್ಪ ಅದಕ್ಕೆ ಗಾರೆ ಮಾಡಿಸಿದರು. ಗಾರೆ ಬೋಳುಬೋಳಾಯಿತು ಎಂದು ಭಾವ ಅದರ ಮೇಲೆ ಪುಟ್ಟಿ ಹಚ್ಚಿಸಿ, ಮಗಳ ಮದುವೆಯ ಹೊತ್ತಿಗೆ ತಿಳಿಗುಲಾಬಿ ಬಣ್ಣ ಬಳಿಸಿದರು. ಈಗ ಭಾವನ ಮಗ ಬೆಂಗಳೂರಿನಿಂದ ಒಬ್ಬ ಡಿಸೈನರಮ್ಮನನ್ನು ಕರೆತಂದಿದ್ದಾನೆ. ಮನೆಗೆ ‘ಮಣ್ಣಿನ ನೆನಪು’ ಬೇಕು ಎಂದ ಆಕೆ ಆ ಗುಲಾಬಿ ಬಣ್ಣದ ಮೇಲೆ ಅರ್ಧ ಇಂಚಿನ ಟೈಲ್ಸ್ ಅಂಟಿಸಿ ಹೋಗಿದ್ದಾರೆ. ಯಾವುದರ ಟೈಲ್ಸ್? ಚಿರೆಕಲ್ಲಿನದು. ಚಿರೆಕಲ್ಲು, ಗಾರೆ, ಪುಟ್ಟಿ, ಬಣ್ಣ, ಅಂಟು, ಮತ್ತೆ ಚಿರೆಕಲ್ಲು. ಚಿರೋಟಿಗೂ ಇಷ್ಟು ಪದರ ಇರುವುದಿಲ್ಲ.

“ಎಷ್ಟಾತು ಭಾವ?” ಎಂದೆ.

“ಎರಡೂವರೆ ಕ್ವಿಂಟಲ್.”

ಶಿರಸಿ ಕಡೆಯ ತೋಟಿಗರಿಗೆ ರೂಪಾಯಿ ಎನ್ನುವುದು ಬ್ಯಾಂಕಿನವರ ಜೊತೆ ಮಾತಾಡುವಾಗ ಬಳಸುವ ಭಾಷೆ. ಸಂಕಟವನ್ನು ಅಳೆಯುವುದು ರಾಶಿ ಅಡಿಕೆಯಲ್ಲೇ.

ಈಗ ಮನೆ ಕಟ್ಟುವುದು, ಸುಣ್ಣಬಣ್ಣ ಮಾಡುವುದು ಎಂಬ ಮಾತೆಲ್ಲ ಹಳತಾಯಿತು. ಮನೆ ಮೈಂಡ್‌ಫುಲ್ ಆಗಬೇಕು. ಅಂದರೆ ಅದು ನಿಮ್ಮನ್ನು ಪೋಷಿಸಬೇಕು, ಅಪ್ಪಿಕೊಳ್ಳಬೇಕು, ನಿಮ್ಮ ಕಥೆ ಹೇಳಬೇಕು. ಡಿಸೈನರಮ್ಮ ಮೊದಲ ದಿನ ಜಗಲಿಯಲ್ಲಿ ಕೂತು ನಾಲ್ಕು ಪುಟದ ಪ್ರಶ್ನೆಪತ್ರಿಕೆ ತೆಗೆದರು. ಮೊದಲನೆಯದು: “ಈ ಮನೆ ನಿಮ್ಮನ್ನು ಪೋಷಿಸುತ್ತಿದೆಯೇ?” ಭಾವ ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ಪೋಷಿಸೋದು ತೋಟ. ಮನೆ ಬರೀ ತಿನ್ತದೆ” ಎಂದರು. ಆಕೆ ಅದನ್ನೂ ಬರೆದುಕೊಂಡರು. ಎರಡನೆಯದು: “ಮನೆಯ ಯಾವ ಮೂಲೆಯಲ್ಲಿ ನೀವು ಅಳಬಲ್ಲಿರಿ?” ಭಾವ ಬಹಳ ಹೊತ್ತು ಯೋಚಿಸಿ, ಕೊಳೆರೋಗ ಬಂದ ವರ್ಷ ತೋಟದಲ್ಲೇ ಮುಗಿಸಿ ಬಂದಿದ್ದಾಗಿ ತಿಳಿಸಿದರು.

ಆಮೇಲೆ ಆ ಶಬ್ದ ಬಂತು. ಡೆನ್ಮಾರ್ಕಿನವರ ಚಳಿಗಾಲ ದೊಡ್ಡದು, ಹಗಲು ಚಿಕ್ಕದು. ಮೇಣದಬತ್ತಿ ಹಚ್ಚಿಕೊಂಡು, ಕಂಬಳಿ ಹೊದ್ದು, ನಾಲ್ಕು ಜನ ಬೆಚ್ಚಗೆ ಕೂತು ಹರಟೆ ಹೊಡೆಯುವ ಸುಖಕ್ಕೆ ಅವರು ‘ಹೂಗೆ’ ಎನ್ನುತ್ತಾರೆ. ಡಿಸೈನರಮ್ಮ ಒಳ್ಳೆಯ ಮನಸ್ಸಿನಿಂದಲೇ ಭಾವನ ತಾಯಿಯ ಕೈ ಹಿಡಿದುಕೊಂಡು, “ಅಜ್ಜೀ, ಈ ಮನೆಗೆ ಬೇಕಾಗಿರೋದು ಇಷ್ಟೇ, ಹೂಗೆ!” ಎಂದರು. ಎಂಬತ್ತೆಂಟರ ಆಯಿಯ ಕಿವಿ ಈಚೆಗೆ ಸ್ವಲ್ಪ ಮಂದ. ಆಕೆ ಕೈ ಕೊಸರಿಕೊಂಡು ನನ್ನ ಕಡೆ ತಿರುಗಿದರು:

“ತಮಾ, ಈ ಕೂಸು ಎಂತ ಹೇಳ್ತು? ಯನ್ನ ಮನೇಲಿ ನಿಂತ್ಕಂಡು ಯಂಗೇ ‘ಹೋಗೆ’ ಹೇಳ್ತಲ!”

ನಾವೆಲ್ಲ ನಕ್ಕೆವು. ಆದರೆ ಆ ದಿನ ಶಬ್ದದ ಅರ್ಥ ಸರಿಯಾಗಿ ಹಿಡಿದದ್ದು ಆಯಿ ಒಬ್ಬರೇ ಎಂದು ಎರಡು ತಿಂಗಳಲ್ಲಿ ಗೊತ್ತಾಯಿತು.

ಮೊದಲು ಹೋದದ್ದು ಕವಳದ ತಟ್ಟೆ, ‘ದೃಶ್ಯ ಗದ್ದಲ’ ಎಂಬ ಆರೋಪದ ಮೇಲೆ. ಆಮೇಲೆ ಹಾಲಿನ ಲೆಕ್ಕ, ಗೊಬ್ಬರ ಹೊತ್ತ ಆಳಿನ ಲೆಕ್ಕ, ಮೊಮ್ಮಗಳ ಪರೀಕ್ಷೆಯ ದಿನ, ಮಳೆ ನಕ್ಷತ್ರ ಎಲ್ಲವೂ ಪೆನ್ಸಿಲಿನಲ್ಲಿದ್ದ ಗೋಡೆ ಕ್ಯಾಲೆಂಡರು. ಆಮೇಲೆ ಆಯಿ ಕೂರುತ್ತಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ. ಅದರ ಜಾಗಕ್ಕೆ ಬೆತ್ತದ ಒಂದು ಗೂಡು ಬಂದಿದೆ, ಮಾಡಿನ ಜಂತಿಯಿಂದ ನೇತಾಡುತ್ತದೆ. ಆಯಿ ಒಂದು ಸಲ ಅದರಲ್ಲಿ ಕೂತರು. ಎಬ್ಬಿಸಲು ಇಬ್ಬರು ಬೇಕಾದರು. ಕಡೆಗೆ ಹೆಬ್ಬಾಗಿಲ ಮೇಲಿದ್ದ ಅಜ್ಜ, ಮುತ್ತಜ್ಜ, ಇಬ್ಬರು ಅಮ್ಮಮ್ಮಂದಿರ ಪಟಗಳು ಇಳಿದವು. ‘ನಿಮ್ಮ ಕಥೆಯ ಗೋಡೆ’ ಎಂಬುದೊಂದು ಬರಲಿದ್ದುದರಿಂದ ಜಾಗ ಖಾಲಿ ಬೇಕಿತ್ತು.

ಕಥೆಯ ಗೋಡೆಗೆ ಒಂಬತ್ತು ಕರಿ ಚೌಕಟ್ಟುಗಳು ಆನ್‌ಲೈನಿನಲ್ಲಿ ಬಂದವು. ಅವುಗಳೊಳಗೆ ಅಂಗಡಿಯವರೇ ಮಾದರಿಗೆಂದು ಹಾಕಿದ ಫೋಟೋ ಇರುತ್ತವಲ್ಲ, ಹಾಗೇ ನೇತುಹಾಕಿದರು; ನಿಮ್ಮವನ್ನು ಆಮೇಲೆ ಹಾಕಿಕೊಳ್ಳಿ ಎಂದರು. ಆ ‘ಆಮೇಲೆ’ ಇನ್ನೂ ಬಂದಿಲ್ಲ. ನಡುವಿನ ದೊಡ್ಡ ಚೌಕಟ್ಟಿನಲ್ಲಿ ಯಾವುದೋ ದೇಶದ ಬಿಳಿಗೂದಲ ದಂಪತಿ ಗೋಧಿ ಗದ್ದೆಯಲ್ಲಿ ನಗುತ್ತ ನಿಂತಿದ್ದಾರೆ. ಮಹಾಲಯ ಅಮಾವಾಸ್ಯೆಯ ದಿನ ಕಣ್ಣು ಮಂಜಾದ ಆಯಿ, ಎಂದಿನ ಜಾಗಕ್ಕೆ ಕೈ ಚಾಚಿ ಗೊಂಡೆಹೂವಿನ ಮಾಲೆ ಹಾಕಿಬಿಟ್ಟರು. ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಹೊಸದಾಗಿ ಬಂದ ನೆಂಟರು ಕೈ ಮುಗಿಯುತ್ತಾರೆ. “ಹಳೇ ಕಲೆಕ್ಟರ ಇರಬೇಕು” ಎಂದು ಒಬ್ಬರು ಅಂದಾಜು ಕಟ್ಟಿದರು.

ಇನ್ನು ಪಾಚಿಯ ವಿಷಯ. ನಮ್ಮಲ್ಲಿ ಮಳೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್. ಅಂಗಳ, ಮೆಟ್ಟಿಲು, ಬಾವಿಕಟ್ಟೆ, ಎರಡು ದಿನ ಅಲ್ಲಾಡದೆ ನಿಂತ ಮನುಷ್ಯ, ಎಲ್ಲದರ ಮೇಲೂ ಪಾಚಿ ಬೆಳೆಯುತ್ತದೆ. ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಊರಿಗೆ ಇಬ್ಬರಾದರೂ ಇದ್ದಾರೆ. ಹಾಗಾಗಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತೇವೆ, ಬ್ಲೀಚಿಂಗ್ ಪೌಡರ್ ಸುರಿದು ತೆಂಗಿನ ಕಡ್ಡಿ ಹಿಡಿಯಲ್ಲಿ ತಿಕ್ಕುತ್ತೇವೆ. ಅಂಥ ಮನೆಯ ಒಳಗೆ, ಸೋಫಾದ ಹಿಂದೆ, ಈಗ ಆರಡಿ ಉದ್ದದ ಪಾಚಿ ಗೋಡೆ ಇದೆ. ಅದು ಜೀವಂತ ಪಾಚಿಯಲ್ಲ. ಗ್ಲಿಸರಿನ್ ಕುಡಿಸಿ, ಬಣ್ಣ ಹಾಕಿ ಕೊಳೆಯದಂತೆ ಇಟ್ಟದ್ದು. ನಿಜ ಹೇಳಬೇಕೆಂದರೆ ಪಾಚಿಯೂ ಅಲ್ಲ. ಉತ್ತರದ ಹಿಮದ ದೇಶಗಳಲ್ಲಿ ಹಿಮಸಾರಂಗಗಳು ಮೇಯುವ ಕಲ್ಲುಹೂವಿನ ಜಾತಿ ಅದು. ಅಕ್ಕ ಮಸಾಲೆಗೆ ಹುರಿಯುವ ಕಲ್ಲುಹೂವಿನ ದೂರದ ನೆಂಟ. ಅದರ ಒಂದೇ ಶತ್ರು ತೇವ. ಗಾಳಿಯಲ್ಲಿ ನೀರಿನಂಶ ಜಾಸ್ತಿಯಾದರೆ ಅದು ಬೆವರುತ್ತದೆ. ಜೂನ್ ಹತ್ತರಿಂದ ಭಾವನ ಸೋಫಾದ ಮೇಲೆ ಹಸಿರು ತೊಟ್ಟಿಕ್ಕುತ್ತಿದೆ. ಹೊರಗಿನ ಪಾಚಿ ಸಾಯಿಸಲು ಒಂದು ಲೆಕ್ಕ, ಒಳಗಿನ ಸತ್ತದ್ದನ್ನು ಉಳಿಸಲು ಇನ್ನೊಂದು ಲೆಕ್ಕ. ಎರಡಕ್ಕೂ ಅಡಿಕೆಯೇ ಆಗಬೇಕು.

ಹಸಿರು ನೋಡಿದರೆ ಗುಣವಾಗುತ್ತದೆ ಎನ್ನುವುದು ಡಿಸೈನರಮ್ಮನ ಕಲ್ಪನೆಯಲ್ಲ, ಅದಕ್ಕೆ ಅಧ್ಯಯನದ ಬಲವೇ ಇದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬುವವರು 1984ರಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿ ಬೇಗ ಮನೆಗೆ ಹೋದರು, ನೋವಿನ ಬಲವಾದ ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿ ನಿಧಾನವಾದರು. ಒಳ್ಳೆಯ ಅಧ್ಯಯನ. ಇದನ್ನು ಜಗತ್ತಿನಲ್ಲಿ ಅತ್ಯಂತ ಗಂಭೀರವಾಗಿ ತೆಗೆದುಕೊಂಡಿರುವುದು ಉತ್ತರ ಕನ್ನಡವನ್ನು ಆಳಿದವರು ಎಂದು ನನ್ನ ಗುಮಾನಿ. ಜಿಲ್ಲೆಯ 10,291 ಚದರ ಕಿಲೋಮೀಟರಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಾಡು. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆಯಿಂದ ಕೂಗುತ್ತಲೇ ಇದ್ದಾರೆ. ಮರ ಇದೆಯಲ್ಲ, ನೋಡಿಕೊಳ್ಳಿ! ತಲೆಗೆ ಪೆಟ್ಟಾದವನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುವಾಗ ಆಂಬುಲೆನ್ಸಿನ ಕಿಟಕಿಯಿಂದ ಗಂಟೆಗಟ್ಟಲೆ ಮರವೇ ಮರ. ಉಲ್ರಿಚ್ ಅವರ ಲೆಕ್ಕ ನಿಜವಾದರೆ ದಾರಿಯಲ್ಲೇ ಎದ್ದು ಕೂತು ಚಾ ಕೇಳಬೇಕು.

ಘಟ್ಟದ ಕೆಳಗಿನವರು ನಮ್ಮನ್ನು ನೋಡಿ ನಗಬೇಕಾಗಿಲ್ಲ. ಕಾರವಾರದಲ್ಲಿ ನನ್ನ ಗೆಳೆಯನೊಬ್ಬ ಸಮುದ್ರ ಕಾಣುತ್ತದೆಂಬ ಒಂದೇ ಕಾರಣಕ್ಕೆ ಹೆಚ್ಚಿಗೆ ದುಡ್ಡು ಕೊಟ್ಟು ಫ್ಲ್ಯಾಟ್ ಕೊಂಡ. ಉಪ್ಪುಗಾಳಿಗೆ ಹಿತ್ತಾಳೆಯ ದೀಪ ಕಪ್ಪಾಗುತ್ತದೆ, ಬಿಸಿಲಿಗೆ ಸೋಫಾದ ಬಣ್ಣ ಹೋಗುತ್ತದೆ ಎಂದು ಆ ಕಿಟಕಿಯನ್ನು ಖಾಯಂ ಮುಚ್ಚಿ, ಮಂಜಿನಂಥ ಹಾಳೆ ಅಂಟಿಸಿದ್ದಾನೆ. ಒಳಗೆ ಏಸಿ, ಗಾಜಿನ ಭರಣಿಯಲ್ಲಿ ಕೊರಿಯರಿನಲ್ಲಿ ಬಂದ ಚಿಪ್ಪು, ಪುಟ್ಟ ಸ್ಪೀಕರಿನಲ್ಲಿ ಅಲೆಗಳ ಸದ್ದು. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ರವೀಂದ್ರನಾಥ ಟಾಗೋರರು ಇದೇ ಕಡಲಿಗೆ ಮರುಳಾಗಿದ್ದರು. ಪಾಪ, ಅವರಿಗೆ ಸ್ಪೀಕರ್ ಸಿಕ್ಕಿರಲಿಲ್ಲ, ಬರಿಗಿವಿಯಲ್ಲೇ ಕೇಳಿಕೊಂಡರು.

ಮತ್ತೆ ಭಾವನ ಮನೆಗೇ ಬರೋಣ. ನಡುಮನೆಯ ಒಂದು ಗೋಡೆಗೆ ಹಸೆ ಚಿತ್ತಾರದ ವಾಲ್‌ಪೇಪರ್ ಬಂತು. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಉಸಿರು ಬಿಗಿಹಿಡಿದು ಎಳೆಯುವ ಗೆರೆ ಅದು. ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿ, “ಚೆಂದ ಆಗದೆ ಅಮ್ಮ. ಪಲ್ಲಕ್ಕಿ ಮಾತ್ರ ತಲೆಕೆಳಗಾಗದೆ” ಎಂದಳು. ಅವಳ ಮನೆ ಅಲ್ಲಿಂದ ಒಂದೂವರೆ ಕಿಲೋಮೀಟರ್. ನಿಮಗೆ ಬರೆಯಲು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಧ್ಯಾನದ ಮೂಲೆಗೆ ಫೈಬರ್ ಬುದ್ಧ ಬಂದ. 1966ರಿಂದ ಮುಂಡಗೋಡಿನಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ದೊಡ್ಡ ದೊಡ್ಡ ಮಠಗಳು, ಸಾವಿರಾರು ಬಿಕ್ಕುಗಳು. ಬಸ್ಸು ಹತ್ತಿದರೆ ಸಂಜೆಯೊಳಗೆ ಹೋಗಿ ಬರಬಹುದು. ಆದರೆ ಡಬ್ಬಿಯಲ್ಲಿ ಬರುವ ಬುದ್ಧನಿಗೆ ಹತ್ತು ದಿನದೊಳಗೆ ವಾಪಸ್ ಮಾಡುವ ಸೌಲಭ್ಯವಿದೆ. ಅವನ ಕಾಲ ಬುಡದಲ್ಲಿ ಪಂಪು ಹಾಕಿದ ಝುಳುಝುಳು ಕಾರಂಜಿ. ಹೊರಗೆ ಮಾಡಿನ ನೀರು ಸುರಿಯುವ ಸದ್ದಿಗೆ ಒಳಗಿನದು ಕೇಳಿಸುವುದಿಲ್ಲ. ಮೊದಲ ಗಾಳಿಮಳೆಗೆ ಮೂರು ದಿನ ಕರೆಂಟು ಹೋಯಿತು, ನಿಂತ ನೀರಿನಲ್ಲಿ ಸೊಳ್ಳೆ ಸಂಸಾರ ಹೂಡಿತು.

ಈಗ ಮನೆಯ ಜನ ಎಲ್ಲಿದ್ದಾರೆ? ಬಚ್ಚಲಮನೆ ಪಕ್ಕದ ಹಳೇ ಸೌದೆಕೊಟ್ಟಿಗೆಯಲ್ಲಿ. ಬಚ್ಚಲೊಲೆಯ ಬೆಂಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿಕೊಂಡು, ನೀಲಿ ಕುರ್ಚಿಯಲ್ಲಿ ಆಯಿ, ಕವಳದ ತಟ್ಟೆಯ ಮುಂದೆ ಭಾವ, ಕಂಬಕ್ಕೆ ಒರಗಿದ ಮುತ್ತಜ್ಜ, ಮೊಳೆಯಲ್ಲಿ ಕ್ಯಾಲೆಂಡರು. ನಾನು ಹೋದರೂ ಅಲ್ಲೇ ಹಲಸಿನ ಹಪ್ಪಳ ಸುಟ್ಟು ಕೊಡುತ್ತಾರೆ. ಮುಂದಿನ ಮನೆಗೆ ಬೀಗ ಹಾಕಿರುತ್ತಾರೆ, ಸಗಣಿ ಕಾಲಿನಲ್ಲಿ ಯಾರಾದರೂ ಹೊಕ್ಕರೆ ಎಂಬ ಭಯಕ್ಕೆ.

ಮೊನ್ನೆ ಶ್ರಾವಣದಲ್ಲಿ ಬೀಗ ತೆಗೆದು ನೋಡಿದರೆ ಬುದ್ಧನಿಗೆ ಬೂಷ್ಟು ಹಿಡಿದಿತ್ತು. ತಲೆಯಿಂದ ಮಂಡಿಯವರೆಗೆ ಬೂದುಬಿಳಿ, ಅಲ್ಲಲ್ಲಿ ನಸುಹಸಿರು. ಭಾವ ಗಾಬರಿಯಿಂದ ಮಗನಿಗೆ ಫೋಟೋ ಕಳಿಸಿದರು, ಮಗ ಡಿಸೈನರಮ್ಮನಿಗೆ. ಹತ್ತು ನಿಮಿಷದಲ್ಲಿ ವಿಡಿಯೋ ಕರೆ ಬಂತು.

“ಅಂಕಲ್, ಎಷ್ಟು ಅದ್ಭುತ ಟೆಕ್ಸ್ಚರ್! ಒರೆಸಬೇಡಿ, ದಯವಿಟ್ಟು ಒರೆಸಬೇಡಿ. ಯಾರ ಹತ್ತಿರ ಮಾಡಿಸಿದಿರಿ? ಹೈದರಾಬಾದಿನ ನನ್ನ ಕ್ಲೈಂಟ್ ಒಬ್ಬರು ಇಂಥದ್ದನ್ನೇ ಹುಡುಕ್ತಿದ್ದಾರೆ. ನಾಲ್ಕು ಪೀಸ್ ಬೇಕು.”

ಭಾವ ಫೋನಿನ ಮೇಲೆ ಕೈ ಮುಚ್ಚಿ ನನ್ನ ಮುಖ ನೋಡಿದರು. ಆಮೇಲೆ ಕವಳ ಉಗಿದು ಬಂದು, ಗಂಟಲು ಸರಿಮಾಡಿಕೊಂಡು ಹೇಳಿದರು:

“ಆಷಾಢದೊಳಗೆ ತಂದು ಬಿಡಬೇಕು, ಚೌತಿ ಮುಗಿದ ಮೇಲೆ ಒಯ್ಯಬೇಕು. ಪೀಸಿಗೆ ಅರ್ಧ ಕ್ವಿಂಟಲ್.”