ಖರೇ ಹೇಳ್ರಿ, ನೀವು ಯಾರ ಕಡೆ?

ಅರ್ಧ ಗಡ್ಡ ಕೆರೆದಾಗಿತ್ತು. ಇನ್ನರ್ಧಕ್ಕೆ ನೊರೆ ಹಚ್ಚಿ, ಹೊಸ ಬ್ಲೇಡ್ ಸಿಕ್ಕಿಸಿದ ಕತ್ತಿಯನ್ನು ಗಂಟಲ ಹತ್ತಿರ ತಂದು ನಿಲ್ಲಿಸಿ ಕೇಳಿದ ಪುಣ್ಯಾತ್ಮ. 'ಅಣ್ಣಾರ, ಖರೇ ಹೇಳ್ರಿ. ಈಗ ನೀವು ಆಸ್ಟ್ರೇಲಿಯಾದವ್ರು ಆದ್ರಿ. ಮ್ಯಾಚ್ ಇದ್ದಾಗ ಯಾರ ಕಡೆ ಇರ್ತೀರಿ?'

ಕತ್ತಿ ಗಂಟಲ ಮೇಲಿದ್ದಾಗ ಯಾರಾದರೂ ಏನು ಹೇಳ್ತಾರೆ? ಭಾರತ ಅಂದೆ. ಅದು ನಿಜವೂ ಹೌದು. ಅವನು ಕನ್ನಡಿಯಲ್ಲೇ ಹಿಂದಿನ ಬೆಂಚಿನವರ ಮುಖ ನೋಡಿ ನಕ್ಕ. 'ಇಲ್ಲೆ ಕುಂತು ಹಂಗ ಹೇಳಬೇಕಾಗ್ತೈತಿ ಬಿಡ್ರಿ.' ಬೆಂಚೂ ನಕ್ಕಿತು.

ಬಾಗಲಕೋಟೆಗೆ ಬಂದು ಹತ್ತು ದಿನ ಆಯ್ತು. ಈ ಪ್ರಶ್ನೆ ಕೇಳಿಸಿಕೊಳ್ಳದ ಒಂದು ದಿನ ಇಲ್ಲ. ಕಿರಾಣಿ ಅಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ, ಕೊನೆಗೆ ಒಬ್ಬರ ಮಣ್ಣಿಗೆ ಹೋಗಿ ಬಂದು ಕಾಲು ತೊಳ್ಕೊಳ್ತಾ ಇದ್ದಾಗಲೂ ಕೇಳಿದ್ರು. ಅಲ್ರೀ, ಸತ್ತವರು ನನ್ನ ಅಪ್ಪನ ಗೆಳೆಯರು. ಅವರ ಬಗ್ಗೆ ಎರಡು ಮಾತಾಡಿ ಆಮೇಲಾದರೂ ಕೇಳಬಹುದಿತ್ತು.

ನಾನು ಮೆಲ್ಬರ್ನ್‌ಗೆ ಹೋಗಿ 13 ವರ್ಷ. ಕೆಲಸ, ಮನೆ ಸಾಲ, ಮಗಳ ಶಾಲೆ ಅಂತ ಹೇಗೋ ಅಲ್ಲಿ ಬೇರು ಬಿಟ್ಟೆ, ಪೌರತ್ವ ತಗೊಂಡೆ. ಭಾರತದಲ್ಲಿ ಎರಡೆರಡು ಪೌರತ್ವಕ್ಕೆ ಅವಕಾಶ ಇಲ್ಲವಾದ್ದರಿಂದ ಇಲ್ಲಿನ ಪಾಸ್‌ಪೋರ್ಟ್ ಬಿಟ್ಟುಕೊಟ್ಟೆ. ರದ್ದಾದ ಆ ಪುಸ್ತಕ ಈಗಲೂ ಅವ್ವನ ತಿಜೋರಿಯಲ್ಲಿದೆ, ಬಂಗಾರದ ಡಬ್ಬಿಯ ಪಕ್ಕದಲ್ಲಿ. ನನಗೆ ಅದರ ಬದಲಿಗೆ ಒಸಿಐ ಕಾರ್ಡ್, ಅಂದ್ರೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡೋ ಕಾರ್ಡ್ ಸಿಕ್ಕಿತು. ಅದರಲ್ಲಿ ಬೇಕಾದಾಗ ಬಂದು ಹೋಗಬಹುದು. ವೋಟು ಹಾಕೋ ಹಾಗಿಲ್ಲ, ಹೊಲ ಕೊಳ್ಳೋ ಹಾಗಿಲ್ಲ. ಇಷ್ಟೆಲ್ಲಾ ಬರೆದಿಟ್ಟ ಸರಕಾರ, ಕೊಹ್ಲಿ ಔಟಾದಾಗ ಹೊಟ್ಟೆ ಉರಿಯಬಾರದು ಅಂತ ಮಾತ್ರ ಎಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದೀನಿ.

ಆಸ್ಟ್ರೇಲಿಯಾದವರೂ ಬರೆದಿಲ್ಲ. ಪೌರತ್ವದ ಪರೀಕ್ಷೆಯಲ್ಲಿ 20 ಪ್ರಶ್ನೆ, ಪಾಸಾಗೋಕೆ ಶೇಕಡಾ 75 ಬೇಕು. ಕಾನೂನು, ಪಾರ್ಲಿಮೆಂಟು, ಮಾತಾಡೋ ಸ್ವಾತಂತ್ರ್ಯ ಎಲ್ಲಾ ಕೇಳಿದ್ರು, ಯಾವ ಟೀಮು ಅಂತ ಕೇಳಲಿಲ್ಲ. ಪ್ರಮಾಣವಚನ ಕೊಟ್ಟದ್ದು ಜನವರಿ 26ಕ್ಕೆ. ಅದು ಅವರ ಆಸ್ಟ್ರೇಲಿಯಾ ಡೇ, ಪೌರತ್ವ ಕೊಡೋ ಸಮಾರಂಭ ಬಹಳ ಕಡೆ ಅವತ್ತೇ ಇರುತ್ತೆ. ನಮಗೆ ಅದೇ ದಿನ ಗಣರಾಜ್ಯೋತ್ಸವ. ಅವ್ವ ಫೋನ್ ಮಾಡಿ 'ಅಲ್ಲೆ ಧ್ವಜಾ ಹಾರಿಸಿದ್ರೇನೋ?' ಅಂದಳು. ಹಾರಿಸಿದ್ರು ಅಂದೆ. ಯಾವ ಧ್ವಜ ಅಂತ ಹೇಳೋ ಧೈರ್ಯ ಆಗಲಿಲ್ಲ.

ಈಗ ಅಸಲು ಕಥೆಗೆ ಬರ್ತೀನಿ. 2023ರ ನವೆಂಬರ್ 19. ದೀಪಾವಳಿಗೆ ಅಂತ ರಜೆ ಹಾಕಿ ಬಂದವನು ಭಾರತ-ಆಸ್ಟ್ರೇಲಿಯಾ ವಿಶ್ವಕಪ್ ಫೈನಲ್ ಊರಲ್ಲೇ ನೋಡೋಣ ಅಂತ ಉಳಿದಿದ್ದೆ. ನವನಗರದ ನಮ್ಮ ಓಣಿಯವರೆಲ್ಲ ಪಟ್ಟಿ ಹಾಕಿ ಪ್ರೊಜೆಕ್ಟರ್ ತರಿಸಿದ್ದರು. ಹಬ್ಬದಲ್ಲಿ ಉಳಿದ ಪಟಾಕಿ ರಟ್ಟಿನ ಡಬ್ಬಿಯಲ್ಲಿ ತಯಾರು. ಸಾಲಾಗಿ 10 ಮ್ಯಾಚ್ ಗೆದ್ದ ತಂಡ, ಅನುಮಾನವೇ ಇರಲಿಲ್ಲ. ರೋಹಿತ್ 31 ಬಾಲಿಗೆ 47 ಹೊಡೆದಿದ್ದ. ಮ್ಯಾಕ್ಸ್‌ವೆಲ್‌ಗೆ ಇನ್ನೊಂದು ಎತ್ತಿದ. ಟ್ರಾವಿಸ್ ಹೆಡ್ ಹಿಂದಕ್ಕೆ ತಿರುಗಿ ಓಡಿ ಹಾರಿ ಹಿಡಿದುಬಿಟ್ಟ. ನನ್ನ ಬಾಯಿಂದ 'ಅಬ್ಬಾ, ಎಂಥಾ ಕ್ಯಾಚ್!' ಅಂತ ಬಂತು.

ಅಷ್ಟೇ. ಚಪ್ಪಾಳೆ ಹೊಡೆದಿಲ್ಲ, ಎದ್ದು ನಿಂತಿಲ್ಲ. ಆದರೆ ಇಡೀ ಓಣಿ ಪರದೆ ಬಿಟ್ಟು ನನ್ನ ಕಡೆ ತಿರುಗಿತು. ಮಿರ್ಚಿ ಭಜಿಯ ತಾಟು ನನ್ನ ಮುಂದೆ ಬಂದದ್ದು ನಿಲ್ಲದೇ ಹಾಗೇ ಪಕ್ಕದವರ ಕಡೆ ಹೋಯ್ತು. ಆಮೇಲೆ ಅದೇ ಹೆಡ್ ಬ್ಯಾಟ್ ಹಿಡಿದು 137 ಹೊಡೆದರೆ ನಾನೇನು ಮಾಡಲಿ? ನಮ್ಮ 240 ಸಾಲಲಿಲ್ಲ, 6 ವಿಕೆಟ್‌ನಿಂದ ಸೋತೆವು. ಗಮನಿಸಿ, ಸೋತೆವು ಅಂತಾನೇ ಬರೀತಿದೀನಿ. ಬಾಯಲ್ಲಿ ಬರೋದೇ ಹಾಗೆ. ಪಟಾಕಿ ಡಬ್ಬಿ ಒಳಗೆ ಹೋಯ್ತು. ಮರುದಿನದಿಂದ ಓಣಿಯ ಹುಡುಗರಿಗೆಲ್ಲ ನಾನು 'ಹೆಡ್ ಮಾಮಾ'. ಈ ಸಲ ಬಂದಾಗಲೂ ಆಟೋದಿಂದ ಚೀಲ ಇಳಿಸೋ ಮೊದಲೇ ಒಬ್ಬ ಕೂಗಿದ, 'ಹೆಡ್ ಮಾಮಾ ಬಂದ್ರು!'

ಅಲ್ಲಿ ಸುಖ ಇದೆ ಅಂದ್ಕೋಬೇಡಿ. 2024ರಲ್ಲಿ ಕ್ರಿಸ್‌ಮಸ್ ಮರುದಿನ ಶುರುವಾದ ಬಾಕ್ಸಿಂಗ್ ಡೇ ಟೆಸ್ಟ್, ಕೊನೆಯ ದಿನ, ಮಗಳನ್ನು ಕರ್ಕೊಂಡು ಎಂಸಿಜಿಗೆ, ಅಂದ್ರೆ ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ ಹೋಗಿದ್ದೆ. ಐದು ದಿನಕ್ಕೆ ಸೇರಿ 3,73,691 ಜನ ಬಂದಿದ್ದರಂತೆ, ಆ ಮೈದಾನದ ಟೆಸ್ಟ್ ದಾಖಲೆ. ಅದರಲ್ಲಿ ನೀಲಿ ಅಂಗಿಯವರಿಗೇನು ಕಮ್ಮಿ ಇರಲಿಲ್ಲ. ಟೀ ತನಕ ಜೈಸ್ವಾಲ್, ಪಂತ್ ಹೇಗೋ ನಿಂತಿದ್ದರು, ಡ್ರಾ ಆಗುತ್ತೆ ಅಂತ ಆಸೆ ಹುಟ್ಟಿತ್ತು. ಟೀ ಆದ ಮೇಲೆ ಪಂತ್ ಎತ್ತಿ ಹೊಡೆದು ಔಟ್. ಬೌಲರ್ ಯಾರು ಗೊತ್ತಾ? ಮತ್ತೆ ಅದೇ ಟ್ರಾವಿಸ್ ಹೆಡ್! ನನ್ನ ಜಾತಕದಲ್ಲೇ ಇದ್ದಾನೆ ಆತ. ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಹಿಂದಿನ ಸೀಟಿನವನು ಬಗ್ಗಿ ಬಹಳ ನಯವಾಗಿ ಕೇಳಿದ, ಎಷ್ಟು ವರ್ಷ ಆಯ್ತು ಇಲ್ಲಿಗೆ ಬಂದು, ಇನ್ನೂ ಅವರಿಗೇನಾ ಸಪೋರ್ಟು ಅಂತ.

ನೋಡಿ, ಕ್ಷೌರದ ಅಂಗಡಿಯವನು ಇವನಿಗಿಂತ ವಾಸಿ. ಅವನು ನಕ್ಕಾದರೂ ಕೇಳಿದ.

184 ರನ್‌ನಿಂದ ಸೋತೆವು. ಟ್ರೇನಿನಲ್ಲಿ 'ನಾವು ಸೋತ್ವಿ' ಅಂತ ನಿಟ್ಟುಸಿರು ಬಿಟ್ಟೆ. ಮಗಳು 'ಇಲ್ಲಪ್ಪಾ, ನಾವು ಗೆದ್ವಿ' ಅಂದಳು. ಹುಟ್ಟಿದ್ದು ಅಲ್ಲೇ, ಅವಳ 'ನಾವು' ಬೇರೆ. ಒಂದೇ ಡಬ್ಬಿಯ ಚುರಮುರಿ ತಿಂತಾ ಮನೆ ತನಕ ಬಂದ್ವಿ, ಜಗಳ ಆಗಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಇರೋ ಬುದ್ಧಿ ಅರವತ್ತು ದಾಟಿದವರಿಗೆ ಇಲ್ಲ.

ಬ್ರಿಟನ್‌ನಲ್ಲಿ 1990ರಲ್ಲಿ ನಾರ್ಮನ್ ಟೆಬಿಟ್ ಅನ್ನೋ ರಾಜಕಾರಣಿ ಇದನ್ನೇ ಪರೀಕ್ಷೆ ಮಾಡಿಟ್ಟಿದ್ದ. ಏಷ್ಯಾದಿಂದ ಬಂದವರು ಕ್ರಿಕೆಟ್‌ನಲ್ಲಿ ಯಾರಿಗೆ ಜೈ ಅಂತಾರೆ ನೋಡಿ, ಬಂದ ದೇಶಕ್ಕೋ ಬಿಟ್ಟ ದೇಶಕ್ಕೋ, ಅಂತ. ಆಗ ದೊಡ್ಡ ಗಲಾಟೆಯೇ ಆಯ್ತು. ನಮ್ಮ ಕಾಕಾಗೆ ಟೆಬಿಟ್ ಯಾರು ಅಂತ ಗೊತ್ತಿಲ್ಲ. ಆದರೆ ಪ್ರಶ್ನೆ ಅಚ್ಚು ಹಾಕಿದ ಹಾಗೆ ಅದೇ. ತಿರುಗಿಸಿ ಹಿಡಿದಿದ್ದಾರೆ, ಅಷ್ಟೇ.

ಕಾಕಾನ ಬಗ್ಗೆ ಹೇಳದೇ ಇದ್ದರೆ ನನಗೆ ಇವತ್ತು ನಿದ್ದೆ ಬರಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ಟೆಸ್ಟ್‌ನಲ್ಲಿ ನ್ಯೂಜಿಲೆಂಡ್ ನಮ್ಮನ್ನು 46ಕ್ಕೆ ಆಲೌಟ್ ಮಾಡಿತು. ಆಮೇಲೆ ರಚಿನ್ ರವೀಂದ್ರ 134 ಹೊಡೆದ. ಕಾಕಾ ಫೋನ್ ಮಾಡಿದ್ದೇ ಮಾಡಿದ್ದು. 'ಏನ್ ಆಡ್ತೈತಲೇ ಆ ಹುಡುಗ! ನಮ್ಮ ಬೆಂಗಳೂರಿನವ್ರ ಮಗಾ!' ಹೌದು ಕಾಕಾ, ಅಪ್ಪ ಅಮ್ಮ ಬೆಂಗಳೂರಿನವರು, ಅವನು ಹುಟ್ಟಿದ್ದು ವೆಲ್ಲಿಂಗ್ಟನ್‌ನಲ್ಲಿ, ಹೊಡೆದದ್ದು ನಮ್ಮ ಮೇಲೆ, 36 ವರ್ಷದ ಮೇಲೆ ಅವರು ಇಲ್ಲಿ ಒಂದು ಟೆಸ್ಟ್ ಗೆದ್ದಿದ್ದು ಆ ಮ್ಯಾಚ್‌ನಲ್ಲಿ. ಅವನು ನಮ್ಮವನು, ನಾನು ಯಾಕೆ ಅಲ್ಲ?

'ಅದು ಬ್ಯಾರೆ, ತಮ್ಮಾ.'

2025ರ ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಾಗ ಇದೇ ಮನೆಯಲ್ಲಿ ಹೇಜಲ್‌ವುಡ್‌ಗೆ ಜೈಕಾರ ಹಾಕಿದ್ರಿ, ವಿಡಿಯೋ ನೀವೇ ಕಳಿಸಿದ್ರಿ. ಅವನು ಆಸ್ಟ್ರೇಲಿಯಾದವನು. 2023ರ ಆ ವಿಶ್ವಕಪ್ ಫೈನಲ್‌ನಲ್ಲಿ ಜಡೇಜಾನನ್ನೂ ಸೂರ್ಯನನ್ನೂ ಔಟ್ ಮಾಡಿದ್ದು ಅವನೇ. ನಾನು ಬರೀ ಕ್ಯಾಚ್ ನೋಡಿ ಬಾಯಿ ತೆರೆದವನು.

'ಅದೂ ಬ್ಯಾರೆ.'

ಟ್ರಿನಿಡಾಡ್‌ನಲ್ಲಿ ಹುಟ್ಟಿ ಭಾರತಕ್ಕೆ ಆಡಿದ ರಾಬಿನ್ ಸಿಂಗ್? ಅದಂತೂ ಪೂರಾ ಬ್ಯಾರೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಎಲ್ಲಿ ಅಂದ್ರೆ, ಈ ಕಾಕಾ ಮುಳುಗಡೆಯವರು. ಆಲಮಟ್ಟಿ ಹಿನ್ನೀರು ಬಂತು ಅಂತ ಹಳೇ ಬಾಗಲಕೋಟೆಯ ಮನೆ ಬಿಟ್ಟು, ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ನವನಗರಕ್ಕೆ ಬಂದವರು. ಆ ಚೌಕಟ್ಟು ಈಗಲೂ ಅವರ ಅಡುಗೆಮನೆಗಿದೆ, ಒಂದು ಗೇಣು ಗಿಡ್ಡ, ನಾನು ಹೋದಾಗಲೆಲ್ಲ ತಲೆ ಬಡಿಸಿಕೊಳ್ತೀನಿ. ಸೆಕ್ಟರ್ ನಂಬರಿನ ಮನೆಯಲ್ಲಿ ಇಷ್ಟು ವರ್ಷ ಬಾಳಿದರೂ ಹಳೇ ಪೇಟೆಗೆ ಹೊರಟರೆ 'ಊರಾಗ ಹೋಗಿ ಬರ್ತೀನಿ' ಅಂತಾರೆ. ಮೊನ್ನೆ ತಡೀಲಾರದೆ ಕೇಳಿಯೇಬಿಟ್ಟೆ. 'ಕಾಕಾ, ನೀವು ಖರೇ ಹೇಳ್ರಿ, ಹಳೇ ಬಾಗಲಕೋಟಿ ಕಡೆಯೋ ನವನಗರದ ಕಡೆಯೋ?' ಒಂದು ನಿಮಿಷ ಮಾತಾಡಲಿಲ್ಲ. ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟು, ಅದೆಂಥಾ ಪ್ರಶ್ನೇಲೇ ಅಂತ ರೇಗಿದರು. ಹೌದಲ್ವಾ? ಅದೆಂಥಾ ಪ್ರಶ್ನೆ!

ಇನ್ನು ದೇಶಾಭಿಮಾನದ ಪಾಠ ಹೇಳೋ ಓಣಿಯವರಿಗೆ ಒಂದು ಮಾತು. ಪಕ್ಕದ ವಿಜಯಪುರದ ಹುಡುಗಿ ರಾಜೇಶ್ವರಿ ಗಾಯಕವಾಡ, 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್‌ಗೆ 5 ವಿಕೆಟ್ ತೆಗೆದಳು. ಭಾರತ ಸೆಮಿಫೈನಲ್‌ಗೆ ಹೋದದ್ದು ಆ ಗೆಲುವಿನಿಂದ. ನಾನು ಮೆಲ್ಬರ್ನ್‌ನಲ್ಲಿ ನಡುರಾತ್ರಿ ಎದ್ದು ಕೂತು, ಹೆಂಡತಿ ಏಳಬಾರದು ಅಂತ ದನಿ ಬಂದ್ ಮಾಡಿ ನೋಡಿದೆ. ಬೆಳಿಗ್ಗೆ ಊರಿಗೆ ಫೋನ್ ಮಾಡಿದರೆ ಓಣಿಯಲ್ಲಿ ಒಬ್ಬರಿಗೂ ಮ್ಯಾಚ್ ಇದ್ದದ್ದೇ ಗೊತ್ತಿಲ್ಲ. ನಮ್ಮ ಸೀಮೆಯ ಹುಡುಗಿ ಆಡುವಾಗ ಟಿವಿ ಹಚ್ಚದವರು ನನ್ನ ಪರೀಕ್ಷೆ ತಗೊಳ್ತಾರೆ.

ಸರಿ, ಮುಚ್ಚುಮರೆ ಯಾಕೆ, ಹೇಳೇ ಬಿಡ್ತೀನಿ. ಭಾರತ ಆಡಿದರೆ ಭಾರತ. ಇಂಗ್ಲೆಂಡ್ ಜೊತೆಗಿನ ಆ್ಯಶಸ್ ಬಂದರೆ ಆಸ್ಟ್ರೇಲಿಯಾ, ಅದೂ ಜೋರಾಗಿ. ಒಳ್ಳೆ ಕ್ಯಾಚ್ ಯಾರೇ ಹಿಡಿದರೂ ಬಾಯಿ ತಾನಾಗೇ ತೆರೆಯುತ್ತೆ, ಅದಕ್ಕೆ ಪಾಸ್‌ಪೋರ್ಟ್ ಇಲ್ಲ. ನನಗೆ ಬೇಕಿರೋದು ಒಂದು ಕುರ್ಚಿ, ಒಂದು ಟಿವಿ, ಪಕ್ಕದಲ್ಲಿ ನನ್ನ ಮುಖ ನೋಡದೆ ಮ್ಯಾಚ್ ನೋಡೋ ನಾಲ್ಕು ಜನ. ಹೋಗುವಾಗ ಒಯ್ಯೋ ಅಮೀನಗಡದ ಕರದಂಟನ್ನು ಮೆಲ್ಬರ್ನ್ ಏರ್‌ಪೋರ್ಟ್‌ನವರು ಬಿಚ್ಚಿಸಿ, ತಿರುಗಿಸಿ ನೋಡ್ತಾರೆ. ಅವರೂ ಇಷ್ಟು ಕೆದಕಲ್ಲ.

ಇದನ್ನು ಬರೀತಾ ಇದ್ದಾಗಲೇ ಕಾಕಾ ಬಂದರು. ಬಾಗಿಲಲ್ಲೇ ನಿಂತು ಸುಮ್ನೆ ಅದು ಇದು ಮಾತಾಡಿದರು, ಯಾವಾಗ ವಿಮಾನ, ಬೆಂಗಳೂರಿಗೆ ಬಸ್ಸೋ ಟ್ರೇನೋ ಅಂತ. ಆಮೇಲೆ ಜೇಬಿಂದ ಒಂದು ಚೀಟಿ ತೆಗೆದರು. ಮೊಮ್ಮಗನ ಎದೆ ಅಳತೆ, ಇಂಚಿನಲ್ಲಿ, ಅವರದೇ ಅಕ್ಷರದಲ್ಲಿ.

'ಮುಂದಿನ ಸಲ ಬರೂಮುಂದ ಆಸ್ಟ್ರೇಲಿಯಾದ್ದ ಒಂದು ಹಳದಿ ಜರ್ಸಿ ತಗೊಂಡ ಬಾರೋ. ಹಿಂದ ಹೆಡ್ ಅಂತ ಬರೆದಿರಬೇಕಂತ. ಐಪಿಎಲ್ ನೋಡಿ ನೋಡಿ ಹುಡುಗ ಒಂದೇ ಸಮ ಅಳಾಕ ಹತ್ಯಾನ.'

ನಾನು ಏನೂ ಅನ್ನಲಿಲ್ಲ. ಅವರೇ ಅಂದರು.

'ಇದು ಬ್ಯಾರೆ.'